ಎರಡನೇ ಸಲ ಓಪನ್ ಮಾಡಿದ್ರೂ ಅದೇ ವಿಂಡೋ ಬರೋ ಹಾಗೆ ಮಾಡಿದ ನನ್ನ ಅನುಭವ

ಕ್ಯೂಟಿಯಲ್ಲಿ (Qt, ವಿಂಡೋ ಇರೋ ಪ್ರೋಗ್ರಾಂ ಬರೆಯೋಕೆ ಬಳಸೋ ಲೈಬ್ರರಿ) ನಾನೊಂದು ಎಡಿಟರ್ ಬರ್ದಿದೀನಿ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡ್ದಾಗೆಲ್ಲ ಹೊಸದೊಂದು ಎಡಿಟರ್ ಏಳ್ತಿತ್ತು, ಒಂದಿನ ಒಂದೇ ಫೈಲ್ ಎರಡು ಕಡೆ ಓಪನ್ ಆಗಿದ್ದು ಗಮನಿಸದೇ ಹಳೇ ವಿಂಡೋದಿಂದ ಸೇವ್ ಒತ್ತಿಬಿಟ್ಟೆ, ಅರ್ಧ ದಿನದ ಕೆಲಸ ಹೋಯ್ತು. ಅವತ್ತೇ ಇದನ್ನ ಸರಿ ಮಾಡೋಕೆ ಕೂತೆ.

ಮೊದಲು ಕ್ಯೂಲಾಕ್‌ಫೈಲ್ ಹಾಕ್ದೆ, ಒಂದು ಸಲಕ್ಕೆ ಒಬ್ಬರೇ ಹಿಡಿಯೋಕಾಗೋ ಬೀಗದ ಥರ ಒಂದು ಫೈಲ್ ಅದು. ಲಾಕ್ ಸಿಕ್ಕಿದ್ರೆ ಇದೇ ಮೊದಲನೇ ಎಡಿಟರ್, ಸಿಗ್ಲಿಲ್ಲ ಅಂದ್ರೆ ಆಗ್ಲೇ ಒಂದು ಓಡ್ತಿದೆ ಅಂತ. ಟೆಸ್ಟ್ ಮಾಡುವಾಗ ಸರಿಯಾಗೇ ಇತ್ತು, ದಿನಾ ಬಳಸೋಕೆ ಶುರು ಮಾಡಿದ್ರೆ ಮತ್ತೆ ಎರಡೆರಡು! ತಲೆ ಕೆಟ್ಟು ಡಾಕ್ಯುಮೆಂಟೇಶನ್ ಪೂರ್ತಿ ಓದ್ದಾಗ ಗೊತ್ತಾಯ್ತು, ಲಾಕ್ ಫೈಲ್ 30 ಸೆಕೆಂಡ್‌ಗಿಂತ ಹಳೇದಾದ್ರೆ ಅದನ್ನ ಯಾರೋ ಬಿಟ್ಟುಹೋಗಿದ್ದು ಅಂತ ಲೆಕ್ಕ ಹಾಕೋದು ಡೀಫಾಲ್ಟಂತೆ. ಟೆಸ್ಟಲ್ಲಿ ನಾನು ಐದೇ ಸೆಕೆಂಡಲ್ಲಿ ಎರಡನೇದು ಓಡಿಸ್ತಿದ್ದೆ, ಹೆಂಗೆ ಗೊತ್ತಾಗ್ಬೇಕು. ಆ ಹೊತ್ತನ್ನ ಹೇಳೋ ಸೆಟ್‌ಸ್ಟೇಲ್‌ಲಾಕ್‌ಟೈಮ್‌ಗೆ 0 ಕೊಟ್ಟೆ, ಎರಡೆರಡು ಏಳೋದು ನಿಂತೋಯ್ತು. ಕ್ರ್ಯಾಶ್ ಆದ್ರೂ ಭಯ ಇಲ್ಲ, ಲಾಕ್ ಹಿಡಿದಿದ್ದ ಪ್ರೋಸೆಸ್ (ಓಡ್ತಿದ್ದ ಪ್ರೋಗ್ರಾಂ) ಇನ್ನೂ ಇದೆಯಾ ಅಂತ ಅದೇ ನೋಡ್ಕೊಳತ್ತೆ.

ಆದ್ರೆ ಲಾಕ್ ಬರೀ ಬಾಗಿಲು ಕಾಯತ್ತೆ ಅಷ್ಟೆ. ಎರಡನೇದು ಸುಮ್ನೆ ಮುಚ್ಕೊಂಡ್ರೆ ಕ್ಲಿಕ್ ಮಾಡಿದವರಿಗೆ ಏನೂ ಆಗ್ಲಿಲ್ಲ ಅನ್ಸತ್ತೆ, ಅವರು ಕೇಳಿದ ಫೈಲನ್ನ ಮೊದಲನೇದಕ್ಕೆ ಮುಟ್ಟಿಸಲೇಬೇಕು, ನನ್ನ ಪ್ರಕಾರ ನಿಜವಾದ ಕೆಲಸ ಇದೇ. ಅದಕ್ಕೆ ಕ್ಯೂಲೋಕಲ್‌ಸರ್ವರ್ ಇಟ್ಟೆ, ಒಂದೇ ಕಂಪ್ಯೂಟರಲ್ಲಿ ಓಡ್ತಿರೋ ಪ್ರೋಗ್ರಾಂಗಳು ಮಾತಾಡ್ಕೊಳ್ಳೋಕೆ ಇರೋದು ಅದು. ಮೊದಲನೇದು ಲಿಸನ್ ಅಂತ ಕಿವಿಗೊಟ್ಟು ಕೂರತ್ತೆ, ಎರಡನೇದು ಕನೆಕ್ಟ್ ಆಗಿ ಫೈಲ್ ಹೆಸರು ಹೇಳತ್ತೆ. ಲಿನಕ್ಸಲ್ಲಿ ಕ್ರ್ಯಾಶ್ ಆದ್ಮೇಲೆ ಸಾಕೆಟ್ ಫೈಲ್ (ಕನೆಕ್ಟ್ ಆಗೋಕೆ ಇರೋ ವಿಳಾಸ) ಹಾಗೇ ಉಳ್ಕೊಂಡು ಲಿಸನ್ ಫೇಲ್ ಆಗತ್ತೆ, ಹಾಗಂತ ಶುರುವಲ್ಲೇ ಕಣ್ಣು ಮುಚ್ಕೊಂಡು ಆ ಫೈಲ್ ಅಳಿಸೋ ರಿಮೂವ್‌ಸರ್ವರ್ ಕರೆದ್ರೆ ಓಡ್ತಿರೋದರ ಸಾಕೆಟ್ಟೇ ಅಳಿಸಿ ಹೋಗತ್ತೆ. ಲಾಕ್ ಸಿಕ್ಕಿದ ಮೇಲೆ ಮಾತ್ರ ರಿಮೂವ್, ಆಮೇಲೆ ಲಿಸನ್, ಈ ಆರ್ಡರ್ ತಪ್ಪಿಸ್ಬೇಡಿ.

ಇನ್ನೊಂದು, ಫೈಲ್ ಹೆಸರು ಬಂದ ಹಾಗೇ ಕಳಿಸ್ಬಾರ್ದು. ಟರ್ಮಿನಲ್‌ನಲ್ಲಿ ಬರೀ ನೋಟ್ಸ್.ಟಿಎಕ್ಸ್‌ಟಿ ಅಂತ ಕೊಟ್ಟಿದ್ದೆ, ಮೊದಲನೇದು ಅದನ್ನ ತಾನಿರೋ ಫೋಲ್ಡರಲ್ಲಿ ಹುಡುಕಿ ಖಾಲಿ ಫೈಲ್ ತೋರಿಸ್ತು. ಈಗ ಎರಡನೇದೇ ಪೂರ್ತಿ ಪಾತ್ ಮಾಡಿ ಕಳಿಸತ್ತೆ.

ವಿಂಡೋಸಲ್ಲಿ ಫೈಲೇನೋ ಓಪನ್ ಆಗ್ತಿತ್ತು, ವಿಂಡೋ ಮಾತ್ರ ಮುಂದೆ ಬರ್ದೆ ಟಾಸ್ಕ್‌ಬಾರಲ್ಲಿ ಮಿನುಗ್ತಿತ್ತು. ಹಿಂದಿರೋ ಪ್ರೋಗ್ರಾಂ ತಾನಾಗೇ ಮುಂದೆ ನುಗ್ಗೋಕೆ ಸಿಸ್ಟಮ್ ಬಿಡಲ್ಲ, ಆದ್ರೆ ಈಗಷ್ಟೇ ಕ್ಲಿಕ್ಕಿಂದ ಶುರುವಾದ ಎರಡನೇದಕ್ಕೆ ಆ ಹಕ್ಕು ಇರತ್ತೆ. ಅದು ಆ ಹಕ್ಕನ್ನ ಬೇರೆಯವರಿಗೆ ದಾಟಿಸೋ ವಿಂಡೋಸ್ ಫಂಕ್ಷನ್ ಅಲೌಸೆಟ್‌ಫೋರ್‌ಗ್ರೌಂಡ್‌ವಿಂಡೋಗೆ ಮೊದಲನೇದರ ಪ್ರೋಸೆಸ್ ಐಡಿ ಕೊಟ್ಟು ಆಮೇಲೆ ಫೈಲ್ ಕಳಿಸಿ ಮುಚ್ಕೊಳ್ಳೋ ಹಾಗೆ ಮಾಡ್ದೆ, ವಿಂಡೋ ಎದ್ದು ಮುಂದೆ ಬಂತು.

ಕೊನೇಗೆ ಹತ್ತು ಫೈಲ್ ಸೆಲೆಕ್ಟ್ ಮಾಡಿ ಎಂಟರ್ ಒತ್ತಿದ್ರೆ ಮೂರು ನಾಲ್ಕು ಕಾಣೆ ಆಗ್ತಿದ್ವು, ಯಾಕಂದ್ರೆ ಲಾಕ್ ತಗೊಂಡ ಮೊದಲನೇದು ಇನ್ನೂ ಲಿಸನ್‌ಗೆ ಬಂದಿರ್ತಿರ್ಲಿಲ್ಲ. ಕನೆಕ್ಟ್ ಆಗ್ಲಿಲ್ಲ ಅಂದ್ರೆ 100 ಮಿಲಿಸೆಕೆಂಡ್ ಬಿಟ್ಟು ಮತ್ತೆ ಟ್ರೈ ಮಾಡೋ ಲೂಪ್ ಹಾಕ್ದೆ, ಹತ್ತೂ ಬಂದ್ವು.