ಹಿಂದಿನ ಕಾಲಿನ ಹಿಮ್ಮಡಿ: ಅಯ್ಯಂಗಾರ್ ಯೋಗ ಮತ್ತು ನನ್ನ ಅನುಭವ

ಗಣಿತದ ಟೀಚರ್‌ಗಳಿಗೆ ಬಲಭುಜದ ನೋವು ಹೊಸದೇನಲ್ಲ. ದಿನಕ್ಕೆ ಐದಾರು ಪೀರಿಯಡ್ ಬೋರ್ಡಿನ ಮೇಲೆ ಕೈ ಎತ್ತಿ ಬರೆಯಬೇಕು. ಬರೆಯುತ್ತಲೇ ಮಕ್ಕಳ ಕಡೆ ಅರ್ಧ ತಿರುಗಿ ಮಾತಾಡಬೇಕು. ಸಂಜೆ ಮನೆಯಲ್ಲಿ ತಲೆ ಬಗ್ಗಿಸಿಕೊಂಡು ಉತ್ತರ ಪತ್ರಿಕೆ ತಿದ್ದಬೇಕು. ನನಗೆ ನೋವು ಕತ್ತಿನಲ್ಲಿ ಶುರುವಾಗಿ ಮೊಣಕೈವರೆಗೂ ಇಳಿಯುತ್ತಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು ಕತ್ತಿನ ಮೂಳೆ ಸ್ವಲ್ಪ ಸವೆದಿದೆ, ಹೆದರಬೇಡಿ ಎಂದು ಹೇಳಿ ಫಿಸಿಯೋಥೆರಪಿಗೆ ಕಳಿಸಿದರು. ನೋವು ಹತೋಟಿಗೆ ಬಂದ ಮೇಲೆ, ಅವರನ್ನು ಕೇಳಿಕೊಂಡೇ ಯೋಗಕ್ಕೆ ಸೇರಿದೆ. ಮನೆ ಹತ್ತಿರ ಇದ್ದದ್ದು ಅಯ್ಯಂಗಾರ್ ಪದ್ಧತಿಯ, ಅಂದರೆ ಬಿ.ಕೆ.ಎಸ್. ಅಯ್ಯಂಗಾರ್ ರೂಪಿಸಿದ ಯೋಗದ ಕ್ಲಾಸು. ಯೋಚನೆ ಮಾಡಿ ಆರಿಸಿಕೊಂಡದ್ದೇನಲ್ಲ.

ಒಳಗೆ ಹೋಗಿ ನೋಡಿದರೆ ಗೋಡೆ ತುಂಬಾ ಕೊಕ್ಕೆ, ಕೊಕ್ಕೆಯಿಂದ ಇಳಿಬಿಟ್ಟ ಹಗ್ಗ. ಮೂಲೆಯಲ್ಲಿ ಮಡಚುವ ಕಬ್ಬಿಣದ ಕುರ್ಚಿಗಳು, ಮರದ ಇಟ್ಟಿಗೆಗಳು, ಮಡಿಸಿಟ್ಟ ಕಂಬಳಿ, ಉದ್ದನೆಯ ದಿಂಬು, ಬೆಲ್ಟು. ಇದೇನು ಯೋಗದ ಕ್ಲಾಸೋ ಶಾಮಿಯಾನದವರ ಗೋಡೌನೋ ಅನ್ನಿಸಿತು. ಹೇಳಿಕೊಡುವವರು ಅರವತ್ತು ದಾಟಿದ ಹೆಂಗಸು, ಪುಣೆಯಲ್ಲಿ ಕಲಿತು ಬಂದವರು. ಎಲ್ಲರಿಗೂ ಅವರು ಅಕ್ಕ. ನಾನು ಟೀಚರ್ ಎಂದು ಗೊತ್ತಾದ ದಿನದಿಂದ ಅವರಿಗೆ ನಾನು ಮೇಷ್ಟ್ರಮ್ಮ.

‘ಅಕ್ಕ, ಸೂರ್ಯನಮಸ್ಕಾರ ಯಾವಾಗ?’ ಎಂದು ಕೇಳಿದೆ.

‘ಮೊದಲು ನೆಟ್ಟಗೆ ನಿಂತ್ಕೊಳ್ಳೋದು ಕಲೀರಿ ಮೇಷ್ಟ್ರಮ್ಮ.’

ತಮಾಷೆ ಅಂದುಕೊಂಡೆ, ಅಲ್ಲವಂತೆ. ತಾಡಾಸನದಲ್ಲಿ ನಿಲ್ಲಿಸಿ, ಬಾಗಿಲ ಹತ್ತಿರ ಬಿಟ್ಟಿದ್ದ ನನ್ನ ಚಪ್ಪಲಿ ತರಿಸಿ ತಿರುವಿ ತೋರಿಸಿದರು. ಬಲಗಾಲಿನದು ಹೊರ ಅಂಚಿನಲ್ಲಿ ಚೆನ್ನಾಗಿ ಸವೆದಿತ್ತು, ಎಡಗಾಲಿನದು ಹೊಸದರ ಹಾಗೇ ಇತ್ತು. ಬೋರ್ಡಿನ ಮುಂದೆ ನಾನು ಅಷ್ಟು ವರ್ಷ ನಿಂತಿದ್ದು ಒಂದೇ ಕಾಲಿನ ಮೇಲೆ. ಬಲಗಾಲಿನ ಮೇಲೆ ಭಾರ, ಬಲ ಸೊಂಟ ಹೊರಕ್ಕೆ, ಅದರ ಮೇಲೆ ಬಲಗೈ ಎತ್ತಿದರೆ ಭುಜ ಕಿವಿಯ ಹತ್ತಿರ. ಭುಜಕ್ಕೆ ಎಣ್ಣೆ ಹಚ್ಚಿ ತಿಕ್ಕಿದ್ದೇ ಬಂತು. ಪಾದದ ಕಡೆ ಯಾರೂ ನೋಡಿರಲಿಲ್ಲ.

ನಾನು ಜಾಸ್ತಿ ಕಲಿತದ್ದು ತ್ರಿಕೋನಾಸನದಲ್ಲಿ. ಆದ್ದರಿಂದ ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಲುಗಳ ನಡುವೆ ಮೂರು, ಮೂರೂವರೆ ಅಡಿ ಅಂತರ. ಬಲಪಾದ ಪೂರ್ತಿ ಹೊರಕ್ಕೆ, ಎಡಪಾದ ಸ್ವಲ್ಪ ಒಳಕ್ಕೆ. ಬಲ ಹಿಮ್ಮಡಿಯಿಂದ ಗೆರೆ ಎಳೆದರೆ ಅದು ಎಡಪಾದದ ನಡುಭಾಗಕ್ಕೆ ತಾಗಬೇಕು. ಕೈ ಚಾಚಿ ಬಲಕ್ಕೆ ಬಾಗುವುದು. ಶಾಲೆಯಲ್ಲಿ ಯೋಗ ದಿನದಂದು ನಾವೆಲ್ಲ ಮಾಡುವುದು ಇದನ್ನೇ, ಕೈ ನೆಲಕ್ಕೆ ತಾಗಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಕೈ ನೆಲಕ್ಕೆ ಹೋಗುವ ಆತುರದಲ್ಲಿ ಎಡ ಸೊಂಟ ಮುಂದಕ್ಕೆ ಹೊರಳುತ್ತದೆ, ಎದೆ ನೆಲ ನೋಡುತ್ತದೆ, ಬಲಪಕ್ಕೆ ಮುದುಡುತ್ತದೆ, ಭಾರವೆಲ್ಲ ಮುಂದಿನ ಕಾಲಿನ ಮೇಲೆ ಬೀಳುತ್ತದೆ. ಹೊರಗಿನಿಂದ ನೋಡಿದವರಿಗೆ ತ್ರಿಕೋನ ಕಾಣಿಸುತ್ತದೆ, ಒಳಗೆ ಇರುವುದಿಲ್ಲ.

ಅಕ್ಕ ನನ್ನ ಬಲಗಾಲಿನ ಹೊರಗಡೆ ಒಂದು ಇಟ್ಟಿಗೆಯನ್ನು ಉದ್ದಕ್ಕೆ ನಿಲ್ಲಿಸಿ, ಕೈ ಅದರ ಮೇಲಿಡಿ, ಕೆಳಗೆ ಹೋಗಬೇಡಿ ಎಂದರು. ಎಡ ಹಿಮ್ಮಡಿಯ ಹೊರ ಅಂಚನ್ನು ಗೋಡೆಗೆ ಒತ್ತಿಸಿದರು. ‘ಹಿಂದಿನ ಹಿಮ್ಮಡಿ ಎಲ್ಲಿದೆ?’ ಇದು ಅವರ ಖಾಯಂ ಪ್ರಶ್ನೆ. ತಿಂಗಳುಗಟ್ಟಲೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಹಿಮ್ಮಡಿ ನೆಲದ ಮೇಲೇ ಇರುತ್ತಿತ್ತು, ಆದರೆ ಅದರ ಮೇಲೆ ನಾನಿರುತ್ತಿರಲಿಲ್ಲ. ಒಂದು ದಿನ ಆ ಅಂಚು ನಿಜವಾಗಿ ಒತ್ತಿತು. ಒತ್ತಿದ ಕೂಡಲೇ ಎಡತೊಡೆ ಹಿಂದೆ ಸರಿಯಿತು, ಎದೆ ತಾನಾಗಿ ತಿರುಗಿತು, ಮೇಲಿದ್ದ ಎಡಗೈ ಹಗುರಾಯಿತು. ಭುಜವನ್ನು ಯಾರೂ ಮುಟ್ಟಿರಲಿಲ್ಲ. ಕತ್ತು ತಿರುಗಿಸಿ ಮೇಲೆ ನೋಡುವುದು ಮಾತ್ರ ನನಗೆ ಇವತ್ತಿಗೂ ಇಲ್ಲ. ಎದುರಿಗೆ ನೋಡುತ್ತೇನೆ.

ಕನ್ನಡಿ ನೋಡಿಕೊಂಡು ಇದನ್ನೆಲ್ಲ ಕಲಿಯಬಹುದು ಅಂದುಕೊಂಡವರಿಗೆ ಒಂದು ಮಾತು. ಕನ್ನಡಿ ನೋಡಲು ಕತ್ತು ತಿರುಗಿಸಿದಾಗಲೇ ಮೈಯ ಗೆರೆ ಬದಲಾಗಿರುತ್ತದೆ. ಗೋಡೆ, ನೆಲ, ಇಟ್ಟಿಗೆ ಸುಳ್ಳು ಹೇಳುವುದಿಲ್ಲ. ಬೆನ್ನನ್ನು ಗೋಡೆಗೆ ಕೊಟ್ಟು ತ್ರಿಕೋನಾಸನ ಮಾಡಿ, ಯಾವ ಕಡೆಯ ಪೃಷ್ಠ ಗೋಡೆ ಬಿಟ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಈ ಪದ್ಧತಿ ನಮ್ಮ ನೆಲದ್ದೇ ಎನ್ನುವುದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರ ಡಿಸೆಂಬರ್‌ನಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಹೆಸರಿನ ಮೊದಲ ಅಕ್ಷರವೇ ಆ ಊರು. ಇನ್‌ಫ್ಲುಯೆಂಜಾ ಹಬ್ಬಿದ್ದ ಕಾಲ ಅದು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಕಾಡಿದವು. 1934ರಲ್ಲಿ ಮೈಸೂರಿಗೆ, ಯೋಗ ಗುರುಗಳಾಗಿದ್ದ ಭಾವ ಕೃಷ್ಣಮಾಚಾರ್ಯರ ಹತ್ತಿರ ಬಂದರು. 1937ರಲ್ಲಿ ಕಲಿಸಲು ಪುಣೆಗೆ ಹೋದವರು ಅಲ್ಲೇ ಉಳಿದರು. ಹೆಂಡತಿ ರಮಾಮಣಿಯವರ ನೆನಪಿನ ಸಂಸ್ಥೆ 1975ರಲ್ಲಿ ಅಲ್ಲೇ ಶುರುವಾಯಿತು. ಕುರ್ಚಿ, ಇಟ್ಟಿಗೆ ಎಲ್ಲ ಕೈಲಾಗದವರಿಗೆ ಅನ್ನುವವರು ಇನ್ನೊಂದು ವಿಷಯ ತಿಳಿದಿರಬೇಕು. 1979ರಲ್ಲಿ ಸ್ಕೂಟರ್ ಅಪಘಾತವಾದ ಮೇಲೆ ಅಯ್ಯಂಗಾರ್ ಅವರೂ ಆಸನಗಳನ್ನು ಮತ್ತೆ ಮೊದಲಿನಿಂದ ಕೂಡಿಸಿಕೊಳ್ಳಬೇಕಾಯಿತು.

ನನ್ನ ಚಿಕ್ಕಪ್ಪನ ಮಗಳು ಮೈಸೂರಿನ ಗೋಕುಲಂನಲ್ಲಿ ಅಷ್ಟಾಂಗ ಮಾಡುತ್ತಾಳೆ. ಆ ಪದ್ಧತಿಯ ಪಟ್ಟಾಭಿ ಜೋಯಿಸರೂ ಕೃಷ್ಣಮಾಚಾರ್ಯರ ಶಿಷ್ಯರೇ. ಅವಳದು ಉಸಿರಿನ ಲೆಕ್ಕಕ್ಕೆ ಹರಿಯುತ್ತಾ ಹೋಗುತ್ತದೆ, ನಮ್ಮದು ಒಂದೇ ಕಡೆ ನಿಂತು ಅಗೆಯುವುದು. ‘ಅಕ್ಕಾ, ನಿಮ್ಮ ಕ್ಲಾಸಲ್ಲಿ ಬೆವರೋದು ಯಾವಾಗ?’ ಎಂದು ನನ್ನನ್ನು ರೇಗಿಸುತ್ತಿದ್ದಳು. ಇಟ್ಟಿಗೆ ಕೊಟ್ಟು ವೀರಭದ್ರಾಸನದಲ್ಲಿ ನಿಲ್ಲಿಸಿದ ಮೇಲೆ ಕೇಳುವುದು ಬಿಟ್ಟಳು.

ಕತ್ತು ನೋವಿನವರು ಸರ್ವಾಂಗಾಸನದ, ಅಂದರೆ ಭುಜದ ಮೇಲೆ ನಿಂತು ಕಾಲು ಮೇಲೆತ್ತುವ ಆಸನದ ಬಗ್ಗೆ ಹುಷಾರಾಗಿರಬೇಕು. ಬರೀ ಚಾಪೆ ಮೇಲೆ ಮಾಡಿದರೆ ಕತ್ತು ಜಾಸ್ತಿ ಬಾಗುತ್ತದೆ, ಭಾರವೂ ಅಲ್ಲೇ ಬೀಳುತ್ತದೆ. ನಮ್ಮಲ್ಲಿ ಗಟ್ಟಿ ಕಂಬಳಿಗಳನ್ನು ಒಂದರ ಮೇಲೊಂದು ಅಂಚು ಸೇರಿಸಿ ಇಡುತ್ತಾರೆ. ಭುಜ ಮೇಲೆ, ತಲೆ ಕೆಳಗೆ ನೆಲದ ಮೇಲೆ. ಆಗ ಕತ್ತಿಗೆ ಜಾಗ ಸಿಗುತ್ತದೆ. ಮೊಣಕೈ ಅಗಲವಾಗಿ ಜಾರದಂತೆ ತೋಳಿಗೆ ಬೆಲ್ಟು. ನನಗೆ ಇಷ್ಟನ್ನೂ ಮೊದಲ ವರ್ಷ ಕೊಡಲಿಲ್ಲ, ಕುರ್ಚಿಯ ಆಸರೆಯಲ್ಲಿ ಮಾಡಿಸಿದರು. ಶೀರ್ಷಾಸನದ ಬದಲು ಗೋಡೆಯ ಹಗ್ಗದಲ್ಲಿ ತಲೆಕೆಳಗಾಗಿ ತೂಗಾಡಿಸುತ್ತಾರೆ, ತಲೆ ನೆಲಕ್ಕೆ ತಾಗುವುದೇ ಇಲ್ಲ. ಮೊದಲ ಸಲ ಕಣ್ಣು ಮುಚ್ಚಿಕೊಂಡೇ ಹೋದೆ. ಇಳಿಯಲು ಮನಸ್ಸಾಗಲಿಲ್ಲ. ಮುಟ್ಟಿನ ದಿನಗಳಲ್ಲಿ ತಲೆಕೆಳಗಿನ ಆಸನ ಯಾವುದೂ ಇಲ್ಲ, ದಿಂಬಿಗೆ ಒರಗಿ, ಅಂಗಾಲು ಜೋಡಿಸಿ ಮಂಡಿ ಅಗಲಿಸಿ ಮಲಗುವ ಸುಪ್ತ ಬದ್ಧಕೋಣಾಸನದಂಥವು ಮಾತ್ರ. ಹೆಂಗಸರ ಅಭ್ಯಾಸದ ಈ ಭಾಗಕ್ಕೆ ಅಯ್ಯಂಗಾರರ ಮಗಳು ಗೀತಾ ಅವರ ಕೆಲಸ ಬಹಳ ಇದೆ.

ಈ ಪದ್ಧತಿಯಲ್ಲಿ ನನಗೆ ಒಗ್ಗದ್ದೂ ಇದೆ. ಸೂಚನೆಗಳು ಕೆಲವು ಸಲ ಮಳೆ ಸುರಿದಂತೆ ಬರುತ್ತವೆ. ಮಂಡಿಚಿಪ್ಪು ಮೇಲೆ, ಬಾಲದ ಮೂಳೆ ಒಳಗೆ, ಭುಜ ಹಿಂದೆ, ಹೆಬ್ಬೆರಳು ಉದ್ದ. ಎಲ್ಲವನ್ನೂ ಒಟ್ಟಿಗೆ ಪಾಲಿಸಲು ಹೋದರೆ ಮೈ ಬಿಗಿದು ಉಸಿರು ನಿಂತೇ ಹೋಗುತ್ತದೆ. ನಾನೀಗ ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳುತ್ತೇನೆ. ಇವತ್ತು ಹಿಂದಿನ ಹಿಮ್ಮಡಿ ಎಂದರೆ ನಿಲ್ಲುವ ಎಲ್ಲ ಆಸನದಲ್ಲೂ ಅದೊಂದೇ. ಅಕ್ಕನಿಗೆ ಇದು ಅಷ್ಟು ಇಷ್ಟವಿಲ್ಲ. ಆದರೂ ಸುಮ್ಮನಿದ್ದಾರೆ.

ಮನೆಯಲ್ಲಿ ದುಡ್ಡು ಕೊಟ್ಟು ತಂದದ್ದು ಒಂದು ಜಾರದ ಚಾಪೆ ಮಾತ್ರ. ಇಟ್ಟಿಗೆಯ ಬದಲು ಬಡಗಿಯಿಂದ ಮಾಡಿಸಿಕೊಂಡ ಎರಡು ಮರದ ತುಂಡು, ಅಂಚು ಉಜ್ಜಿಸಿದ್ದು. ಬೆಲ್ಟಿಗೆ ಹಳೇ ಹತ್ತಿ ದುಪಟ್ಟಾ. ಕಂಬಳಿಗೆ ಜಮಖಾನ ಬಹಳ ಒಳ್ಳೆಯದು, ಗಟ್ಟಿಯಾಗಿರುತ್ತದೆ. ಸ್ಪಂಜಿನ ದಿಂಬು ಬೇಡ, ಭುಜ ಒಳಗೆ ಹೂತುಹೋಗುತ್ತದೆ. ಶಾಲೆಯಿಂದ ಬಂದು ಕಾಫಿಗೂ ಮೊದಲು ಮಲಗಿಕೊಂಡು ಆ ದುಪಟ್ಟಾವನ್ನು ಅಂಗಾಲಿಗೆ ಹಾಕಿ ಒಂದೊಂದೇ ಕಾಲು ಮೇಲೆತ್ತುತ್ತೇನೆ, ಸುಪ್ತ ಪಾದಾಂಗುಷ್ಠಾಸನ. ದಿನವಿಡೀ ನಿಂತ ಸೊಂಟಕ್ಕೆ ಇದರಷ್ಟು ಹಿತವಾದದ್ದು ನನಗೆ ಬೇರೆ ಸಿಕ್ಕಿಲ್ಲ.

ನೋವು ಪೂರ್ತಿ ಹೋಗಿದೆಯಾ ಎಂದು ಸ್ಟಾಫ್‌ರೂಮಿನಲ್ಲಿ ಕೇಳುತ್ತಿರುತ್ತಾರೆ. ಇಲ್ಲ. ಪರೀಕ್ಷೆಯ ಪೇಪರ್ ತಿದ್ದುವ ವಾರಗಳಲ್ಲಿ ಬರುತ್ತದೆ. ಆದರೆ ಈಗ ಎಲ್ಲಿಂದ ಶುರುವಾಯಿತು ಎಂದು ಗೊತ್ತಾಗುತ್ತದೆ, ಮೊಣಕೈಗೆ ಇಳಿಯುವ ಮೊದಲೇ ಏನಾದರೂ ಮಾಡಬಹುದು. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ ಮಾತ್ರ ಆಸನದ ಮಾತು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಹೊಸದಾಗಿ ಕ್ಲಾಸು ಹುಡುಕುತ್ತಿದ್ದರೆ ಫೀಸು ಕೇಳುವ ಮೊದಲು ಎರಡು ವಿಷಯ ಕೇಳಿ: ಟೀಚರ್ ಎಲ್ಲಿ ಕಲಿತರು, ಕತ್ತು ನೋವಿದ್ದವರಿಗೆ ಏನು ಬದಲಾಯಿಸುತ್ತಾರೆ. ಮೊದಲ ವಾರವೇ ಶೀರ್ಷಾಸನ ಮಾಡಿಸುತ್ತೇವೆ ಎಂದರೆ ಬೇರೆ ಕ್ಲಾಸು ನೋಡಿಕೊಳ್ಳಿ.