ಮುಂದಿನ ಚಕ್ರದ ಮೇಲೆ ಎಂಜಿನ್ ಕೂರಿಸುವವರಿಗೆ: ಬೋಲ್ಟ್ ಬಿಗಿಯಬೇಡಿ, ಕೀಲು ಹಾಕಿ

ಔಷಧಿ ಹೊಡೆಯುವ ಪಂಪಿನ ಎಂಜಿನ್ನನ್ನು ಸೈಕಲ್ಲಿನ ಮುಂದಿನ ಚಕ್ರದ ಮೇಲೆ ಕೂರಿಸಿ, ಅದು ತಿರುಗಿಸುವ ರೋಲರ್ ನೇರ ಟಯರ್‌ಗೆ ತಾಗಿಸಿ ಓಡಿಸುವವರು ನಮ್ಮ ವಿಜಯಪುರದ ಕಡೆ ಇದ್ದರೆ, ದಯವಿಟ್ಟು ಎಂಜಿನ್ ಕೂತ ಪ್ಲೇಟನ್ನು ಚಕ್ರ ಹಿಡಿಯುವ ಫೋರ್ಕಿಗೆ ಅಲುಗಾಡದ ಹಾಗೆ ಬಿಗಿಯಬೇಡಿ. ಒಂದು ತುದಿಗೆ ಬಾಗಿಲಿನ ಗಟ್ಟಿ ಕೀಲು ಹಾಕಿ, ಇನ್ನೊಂದು ತುದಿಯನ್ನು ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗ್‌ನಿಂದ ಕೆಳಕ್ಕೆ ಎಳೆದು ಕಟ್ಟಿ. ಯಾವ ಟಯರೂ ಪೂರ್ತಿ ಗುಂಡಗೆ ಇರೋದಿಲ್ಲ. ಬಿಗಿದ ರೋಲರ್ ಒಂದು ಕಡೆ ಒತ್ತಿ ಹಿಡಿಯುತ್ತದೆ, ಇನ್ನೊಂದು ಕಡೆ ಜಾರುತ್ತದೆ, ಜಾರಿದಲ್ಲೇ ರಬ್ಬರ್ ಸುಡುತ್ತದೆ. ಸ್ಪ್ರಿಂಗ್ ಇದ್ದರೆ ಟಯರ್ ಏರಿಳಿದ ಹಾಗೆ ರೋಲರ್ ಕೂಡ ಏರಿಳಿಯುತ್ತದೆ, ಒತ್ತಡ ಹೆಚ್ಚುಕಡಿಮೆ ಒಂದೇ ಇರುತ್ತದೆ. ಗಾಳಿ ಪೂರ್ತಿ ತುಂಬಿ ನೋಡಿ: ರೋಲರ್ ಕೆಳಗೆ ಟಯರ್ ಒಂದು ಜೋಳದ ಕಾಳಿನಷ್ಟು ತಗ್ಗಿದರೆ ಸಾಕು. ಅದಕ್ಕಿಂತ ಜಾಸ್ತಿ ಒತ್ತಿದರೆ ಎಂಜಿನ್ ಸುಮ್ನೆ ದಣಿಯುತ್ತದೆ. ಪ್ಲೇಟಿಗೆ ಹಳೇ ಬ್ರೇಕ್ ವೈರ್ ಕಟ್ಟಿ ಹ್ಯಾಂಡಲ್‌ವರೆಗೆ ತಂದುಕೊಳ್ಳಿ. ಬೇಡ ಅಂದಾಗ ರೋಲರ್ ಎತ್ತಿ ಪೆಡಲ್ ತುಳಿಯಬಹುದು. ಮಳೆಯಲ್ಲಿ ಮಾತ್ರ ಇದು ಕೈಕೊಡುತ್ತದೆ. ಒದ್ದೆ ಟಯರ್ ಮೇಲೆ ರೋಲರ್ ಜಾರುತ್ತದೆ, ನಮ್ಮ ಎರೆ ಮಣ್ಣು ಮೆತ್ತಿಕೊಂಡರಂತೂ ಮುಗೀತು. ಆಗ ಸ್ಪ್ರಿಂಗ್ ಇನ್ನಷ್ಟು ಎಳೆಯಲು ಹೋಗಬೇಡಿ, ಮಣ್ಣು ಕೆರೆದು ಒಣಗಲು ಬಿಡಿ. ಉಬ್ಬುತಗ್ಗು ಇರುವ ಟಯರ್‌ಗೂ ಇದು ಒಗ್ಗುವುದಿಲ್ಲ, ನುಣುಪಾದ ಟಯರೇ ಬೇಕು. ಮುಂದೆ ಭಾರ ಬೀಳುವುದರಿಂದ ಎರಡೂ ಬ್ರೇಕ್ ಗಟ್ಟಿ ಇರಲಿ, ಅಲ್ವಾ? ಮತ್ತೆ ಎಂಜಿನ್ ಮೇಲಿನ ತಗಡಿನಲ್ಲಿ ಸಿಸಿ ಓದಿಕೊಳ್ಳಿ. 25 ದಾಟಿದ್ದರೆ ಕಾನೂನಿನ ಪ್ರಕಾರ ಅದು ಮೋಟಾರು ವಾಹನ, ರಸ್ತೆಗೆ ತರಲು ನೋಂದಣಿ ಬೇಕು.