ನೀಲಿ ಮುಚ್ಚಳದ ಟ್ಯೂಬು: ಪಿಟಿ, ಎಪಿಟಿಟಿ ಸ್ಯಾಂಪಲ್ ನಾನು ನೋಡಿಕೊಳ್ಳುವ ಬಗೆ

ಪಿಟಿ, ಎಪಿಟಿಟಿ ಎರಡೂ ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ನೋಡುವ ಪರೀಕ್ಷೆಗಳು. ಪಿಟಿ ರಿಪೋರ್ಟ್ ಕೆಡುವುದು ಬಹುಪಾಲು ಮಷೀನಿನಲ್ಲಲ್ಲ, ರಕ್ತ ತೆಗೆಯುವ ಜಾಗದಲ್ಲಿ. ಟ್ಯೂಬಿನಲ್ಲಿರುವುದು ಶೇ. 3.2ರ ಸೋಡಿಯಂ ಸಿಟ್ರೇಟ್. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಪರೀಕ್ಷೆ ಮಾಡುವಾಗ ಆ ಕ್ಯಾಲ್ಸಿಯಂ ವಾಪಸ್ ಕೊಟ್ಟು ಸೆಕೆಂಡು ಎಣಿಸುತ್ತೇವೆ: ಪಿಟಿಗೆ 37 ಡಿಗ್ರಿಯಲ್ಲಿ 0.1 ಮಿ.ಲೀ. ಪ್ಲಾಸ್ಮಾ (ರಕ್ತಕಣ ಬೇರ್ಪಡಿಸಿದ ದ್ರವ), 0.2 ಮಿ.ಲೀ. ಕ್ಯಾಲ್ಸಿಯಂ ಬೆರೆತ ಥ್ರಾಂಬೋಪ್ಲಾಸ್ಟಿನ್ (ಹೆಪ್ಪುಗಟ್ಟಿಸುವ ರಿಯೇಜೆಂಟ್).

ಹಾಗಾಗಿ ಅಳತೆಯೇ ಮುಖ್ಯ. 2.7 ಮಿ.ಲೀ. ರಕ್ತಕ್ಕೆ 0.3 ಮಿ.ಲೀ. ಸಿಟ್ರೇಟ್. ರಕ್ತ ಕಡಿಮೆ ಬಿದ್ದರೆ ಮಿಕ್ಕ ಸಿಟ್ರೇಟ್ ನಾವು ಹಾಕುವ ಕ್ಯಾಲ್ಸಿಯಂ ಅನ್ನೂ ನುಂಗುತ್ತದೆ, ಸಮಯ ಸುಳ್ಳಾಗಿ ಹೆಚ್ಚುತ್ತದೆ. ಗೆರೆಯ ಶೇ. 90ಕ್ಕಿಂತ ಕೆಳಗಿದ್ದ ಟ್ಯೂಬನ್ನು ವಾಪಸ್ ಕಳಿಸುತ್ತೇನೆ. ಎರಡು ಅರ್ಧ ಟ್ಯೂಬು ಸೇರಿಸಿ ಒಂದು ತುಂಬಿಸಿ ಕೊಡುವ ಜಾಣರೂ ಇದ್ದಾರೆ. ಅಲ್ಲಿ ಸಿಟ್ರೇಟ್ ಇಮ್ಮಡಿ.

ಹೀಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 55 ದಾಟಿದವರದು ಬೇರೆ ಲೆಕ್ಕ. ಟ್ಯೂಬು ಗೆರೆಯವರೆಗೆ ತುಂಬಿದರೂ ಅದರಲ್ಲಿ ಪ್ಲಾಸ್ಮಾ ಕಡಿಮೆ, ಹಾಗಾಗಿ ಸಿಟ್ರೇಟ್ ಹೆಚ್ಚಾಗುತ್ತದೆ. ಬೇಕಾದ ಸಿಟ್ರೇಟ್ = 0.00185 × (100 − ಹೀಮಟೋಕ್ರಿಟ್) × ರಕ್ತದ ಮಿ.ಲೀ. ಹೀಮಟೋಕ್ರಿಟ್ 60 ಇದ್ದರೆ 2.7 ಮಿ.ಲೀ. ರಕ್ತಕ್ಕೆ 0.2 ಸಾಕು. ಮೊದಲೇ 0.1 ಮಿ.ಲೀ. ಹೊರತೆಗೆಯುತ್ತೇನೆ. ಮುಚ್ಚಳ ತೆರೆದರೆ ವ್ಯಾಕ್ಯೂಮ್ ಹೋಗುತ್ತದೆ, ಆದ್ದರಿಂದ ಸಿರಿಂಜಿನಲ್ಲಿ ರಕ್ತ ತೆಗೆದು ಅಳೆದು ಹಾಕಬೇಕು. ತಕ್ಷಣ ಮೂರು ನಾಲ್ಕು ಸಲ ಮೆಲ್ಲಗೆ ಮಗುಚಬೇಕು, ಕುಲುಕಬಾರದು.

ನೇರಳೆ ಟ್ಯೂಬಿನಿಂದ ನೀಲಿಗೆ ಸುರಿದಿದ್ದರೆ ಅದರಲ್ಲಿರುವ ಇಡಿಟಿಎ (ಕ್ಯಾಲ್ಸಿಯಂ ಹಿಡಿಯುವ ಇನ್ನೊಂದು ವಸ್ತು, ಪೊಟ್ಯಾಸಿಯಂ ಲವಣದ ರೂಪದಲ್ಲಿ) ಸೇರಿ ಪಿಟಿ, ಎಪಿಟಿಟಿ ಎರಡೂ ಉದ್ದವಾಗುತ್ತವೆ. ಅನುಮಾನ ಬಂದರೆ ಅದೇ ಪ್ಲಾಸ್ಮಾದಲ್ಲಿ ಪೊಟ್ಯಾಸಿಯಂ ನೋಡಿ. ದೇಹದಲ್ಲಿ ಇರಲಾರದಷ್ಟು ಏರಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ) ಸೇರಿದ್ದರೆ ಗುರುತು ಬೇರೆ: ಎಪಿಟಿಟಿ ಏರಿರುತ್ತದೆ, ಥ್ರಾಂಬಿನ್ ಟೈಮ್ (ಥ್ರಾಂಬಿನ್ ಹಾಕಿ ಹೆಪ್ಪುಗಟ್ಟುವ ಸಮಯ ನೋಡುವ ಪರೀಕ್ಷೆ) ವಿಪರೀತ, ಪಿಟಿ ಮಾತ್ರ ಹೆಚ್ಚುಕಡಿಮೆ ಸರಿ. ಕಾರಣ, ಬಹಳಷ್ಟು ಪಿಟಿ ರಿಯೇಜೆಂಟಿನಲ್ಲಿ ಹೆಪಾರಿನ್ ಅಡಗಿಸುವ ವಸ್ತು ಇರುತ್ತದೆ. ರಕ್ತನಾಳಕ್ಕೆ ಹಾಕಿದ ಲೈನಿನಿಂದಲೇ ರಕ್ತ ತೆಗೆಯಬೇಕಾಗಿ ಬಂದರೆ ಸಲೈನ್ ಬಿಟ್ಟು, ಮೊದಲ 5 ಮಿ.ಲೀ. ಚೆಲ್ಲಿ. ಹೆಪಾರಿನ್ ಚಿಕಿತ್ಸೆಯವರ ಸ್ಯಾಂಪಲನ್ನು ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಬೇಕು. ತಡವಾದರೆ ಪ್ಲೇಟ್‌ಲೆಟ್‌ಗಳಿಂದ ಹೊರಬೀಳುವ ಪ್ರೋಟೀನು ಹೆಪಾರಿನ್ ಅನ್ನು ಹಿಡಿದುಬಿಡುತ್ತದೆ. ಎಪಿಟಿಟಿ ತಗ್ಗಿ ಕಾಣುತ್ತದೆ, ಡೋಸ್ ಸಾಲದೆಂದು ವಾರ್ಡಿನಲ್ಲಿ ಏರಿಸುತ್ತಾರೆ. ಅಪಾಯ ಇರುವುದು ಅಲ್ಲಿ.

ಪಿಟಿ ಸ್ಯಾಂಪಲನ್ನು ಫ್ರಿಜ್ಜಿನಲ್ಲಿ ಇಡಬೇಡಿ. ತಣ್ಣಗಾದರೆ ಏಳನೇ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲೊಂದು) ಎಚ್ಚೆತ್ತು ಪಿಟಿ ಕಡಿಮೆ ಬರುತ್ತದೆ. ಮುಚ್ಚಳ ತೆರೆಯದೆ ರೂಮಿನಲ್ಲಿಟ್ಟರೆ 24 ಗಂಟೆ ತಡೆಯುತ್ತದೆ.